ತಾರೀಕು ಹಾಕಿಸಿದ ಅತ್ತೆ

ನಮ್ಮತ್ತೆಯ ಕಣ್ಣಿನ ರೆಪ್ಪೆ ಕಪ್ಪಾಗಿದ್ದದ್ದನ್ನು ನಾನು ನೋಡಿದ್ದೇ ಕಡಿಮೆ. ರಾಗಿ ಬೀಸಿದ ದಿನ ಬೂದಿ ಬಣ್ಣ, ಅಕ್ಕಿ ಬೀಸಿದ ದಿನ ಬಿಳಿ, ಮೆಣಸಿನಕಾಯಿ ಬೀಸಿದ ದಿನ ಕಣ್ಣಿನ ಸುತ್ತೆಲ್ಲ ಕೆಂಪು. ಬಣ್ಣ ಯಾವುದಿದ್ದರೂ ಅದರೊಳಗಿಂದ ಎರಡು ಕಣ್ಣು ನೇರವಾಗಿ ನಿಮ್ಮ ಬಾಯನ್ನೇ ನೋಡುತ್ತಿದ್ದವು. ಹೊಸಬರಿಗೆ ಇದು ಒರಟುತನದಂತೆ ಕಾಣುತ್ತಿತ್ತು. ಅರಕಲಗೂಡಿನ ಹಳಬರಿಗೆ ಮಾತ್ರ ಗೊತ್ತಿತ್ತು, ಈ ಗಿರಣಿಯವಳು ಮಾತನ್ನು ಕೇಳುವುದಿಲ್ಲ, ನೋಡುತ್ತಾಳೆ ಅಂತ.

ಅವಳು ನನ್ನ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಚನ್ನರಾಯಪಟ್ಟಣದಿಂದ ತವರಿಗೆ ಬಂದು, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಳು. ಮುಂದೆ ಗಿರಣಿ, ಹಿಂದೆ ಮನೆ, ನಡುವೆ ಒಂದೇ ಗೋಡೆ. ಅಪ್ಪ ಅಮ್ಮ ಬೆಳಿಗ್ಗೆ ಹೊಲಕ್ಕೆ ಹೋದರೆ ಬರುತ್ತಿದ್ದದ್ದು ಸಂಜೆಗೇ. ಅಲ್ಲಿಯವರೆಗೆ ನಾನು ಅತ್ತೆಯ ಪಾಲು. ಹಿಟ್ಟಿನ ಚೀಲಗಳ ನಡುವೆ ತೆವಳಿ, ಚೀಲ ಹಿಡಿದೇ ಎದ್ದು ನಿಂತು, ಚೀಲದ ಮೇಲೆಯೇ ಮಲಗಿ ಬೆಳೆದವಳು ನಾನು.

ಗಿರಣಿ ಓಡುವಾಗ ಕಿವಿಯ ಪಕ್ಕ ಕೂಗಿದರೂ ಕೇಳಿಸದು. ಹಾಗಾಗಿ ಅಲ್ಲಿಗೆ ಬಂದವರೆಲ್ಲ ಬಾಯಿ ಅಗಲಿಸಿ, ಕೈ ಆಡಿಸಿ ಮಾತಾಡುತ್ತಿದ್ದರು. ಹಿಟ್ಟು ನುಣ್ಣಗೆ ಬೇಕೆಂದರೆ ಎರಡು ಬೆರಳು ಉಜ್ಜಿ ತೋರಿಸುವುದು, ಬೇಗ ಬೇಕೆಂದರೆ ಬಸ್ಸಿನ ದಿಕ್ಕಿಗೆ ಕೈ ಮಾಡುವುದು. ಅತ್ತೆ ಬಾಯಿ ತೆರೆದು "ಚೊಂಬು ತತ್ತಾ" ಅಂದರೆ ನಾನು ಚೊಂಬು ತರುತ್ತಿದ್ದೆ. "ಕೂತ್ಕೋ" ಅಂದರೆ ಕೂರುತ್ತಿದ್ದೆ. ನನಗೆ ಕಿವಿ ಕೇಳಿಸುವುದಿಲ್ಲ ಎನ್ನುವುದು ಮೂರು ವರ್ಷ ತುಂಬಿದರೂ ಯಾರಿಗೂ ಹೊಳೆಯಲಿಲ್ಲ. ಬೇರೆ ಯಾವ ಮನೆಯಲ್ಲಾದರೂ ಬೇಗ ಗೊತ್ತಾಗುತ್ತಿತ್ತೇನೋ. ನಮ್ಮದರಲ್ಲಿ ಇಡೀ ದಿನ ಎಲ್ಲರೂ ಕಿವುಡರ ಹಾಗೇ ಬದುಕುತ್ತಿದ್ದುದರಿಂದ ನಿಜವಾದ ಕಿವುಡಿ ಎದ್ದು ಕಾಣಲಿಲ್ಲ.

ಮಾತು ಬಂದಿಲ್ಲವಲ್ಲ ಎಂದು ಯಾರಾದರೂ ಕೇಳಿದರೆ ಅಪ್ಪ, "ನಮ್ ಚಿಕ್ಕಪ್ಪಂಗೂ ತಡವಾಗೇ ಬಂದಿದ್ದು. ಈಗ ಬಾಯಿ ಮುಚ್ಸಕಾಯ್ತದಾ?" ಅನ್ನುತ್ತಿದ್ದ. ಅಲ್ಲಿಗೆ ಆ ಮಾತು ಮುಗಿಯುತ್ತಿತ್ತು.

ಕಂಡುಹಿಡಿದವಳು ಅತ್ತೆಯೇ. ಮೆಣಸಿನಕಾಯಿ ಬೀಸುವ ದಿನ ಅವಳು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಘಾಟು ಹತ್ತುತ್ತದೆಂದು ನನ್ನನ್ನು ಆಚೆಗೆ ಕಳಿಸಲು ನೋಡುತ್ತಿದ್ದಳು, ನಾನು ಕದಲುತ್ತಿರಲಿಲ್ಲ. ಬೇರೆ ದಿನ ಹೇಳಿದ್ದೆಲ್ಲ ಕೇಳುವ ಮಗು ಮೆಣಸಿನಕಾಯಿಯ ದಿನ ಮಾತ್ರ ಯಾಕೆ ಹಟ ಮಾಡುತ್ತದೆ? ಒಮ್ಮೆ ಹೀಗೇ ಬೈಯುತ್ತಾ ಬಟ್ಟೆ ಕೆಳಗೆ ಎಳೆದಳಂತೆ. ನಾನು ತಟ್ಟನೆ ಎದ್ದು ಆಚೆಗೆ ನಡೆದೆನಂತೆ. ಅತ್ತೆ ಗಿರಣಿ ನಿಲ್ಲಿಸಿದಳು. ಬಟ್ಟೆ ಮತ್ತೆ ಮೇಲೆ ಏರಿಸಿ, ನಿಶ್ಶಬ್ದದಲ್ಲಿ ನನ್ನ ಹೆಸರು ಹಿಡಿದು ಕೂಗಿದಳು, ಮತ್ತೆ ಕೂಗಿದಳು. ನಾನು ತಿರುಗಲಿಲ್ಲ. ಕಾಳು ತಂದಿದ್ದ ಹೆಂಗಸರೆಲ್ಲ ನೋಡುತ್ತಿದ್ದಂತೆ ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು ಎಂದು ಅಮ್ಮ ಇವತ್ತಿಗೂ ಹೇಳುತ್ತಾಳೆ.

ಆದರೆ ಕೂತದ್ದು ಅವತ್ತೊಂದೇ ದಿನ. ಮಾರನೆಯ ವಾರ ನನ್ನನ್ನು ಸೊಂಟಕ್ಕೆ ಏರಿಸಿಕೊಂಡು ಮೈಸೂರಿನ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದಳು. ಪರೀಕ್ಷೆಗಳಾದವು, ಎರಡು ಕಿವಿಗೂ ಯಂತ್ರ ಬಂದಿತು. ಅಲ್ಲಿ ಮಾತು ಕಲಿಸುವ ಮೇಡಂ ಒಬ್ಬರಿದ್ದರು. ಸ್ವಲ್ಪ ಕಿವಿ ಉಳಿದಿದೆ, ಯಂತ್ರದ ಸಹಾಯದಿಂದ ಕೇಳಿಸಿಕೊಳ್ಳುವುದನ್ನು ಕಲಿಸಬಹುದು ಎಂದರು. ಒಂದೇ ತೊಡಕು, ನಾನು ಬಾಯಿ ನೋಡುವುದರಲ್ಲಿ ಪಂಡಿತೆಯಾಗಿದ್ದೆ. ಬಾಯಿ ಕಾಣುತ್ತಿರುವಷ್ಟು ಹೊತ್ತು ಕಿವಿಗೆ ಕೆಲಸ ಕೊಡುವುದಿಲ್ಲ ಎಂದು ನನ್ನ ತಲೆ ತೀರ್ಮಾನಿಸಿಬಿಟ್ಟಿತ್ತು. "ಇನ್ನು ಮೇಲೆ ನೀವು ಬಾಯಿ ಮರೆ ಮಾಡಿಕೊಂಡು ಮಾತಾಡಬೇಕು" ಎಂದು ಮೇಡಂ ತೆಳು ಬಟ್ಟೆ ಬಿಗಿದ, ದೊಡ್ಡ ಬಳೆಯಂಥ ಒಂದು ಚೌಕಟ್ಟನ್ನು ಮುಖದ ಮುಂದೆ ಹಿಡಿದು ತೋರಿಸಿದರು. ಅತ್ತೆ ಮನೆಗೆ ಬಂದವಳೇ ಅದರ ಬದಲಿಗೆಂದು ಹಿಟ್ಟಿನ ಜರಡಿ ತೊಳೆದು ಒಣಗಿಸಿದಳು. ನನ್ನ ಬಾಲ್ಯದ ಮುಕ್ಕಾಲು ಪಾಲು ಆ ಜರಡಿಯ ಹಿಂದಿನಿಂದ ಬಂದದ್ದು.

ಇಷ್ಟರಲ್ಲಿ ಅಪ್ಪನಿಗೆ ದಿಗಿಲು ಹತ್ತಿತ್ತು. ಯಾರೋ ಹೇಳಿದರೆಂದು, ಆರು ತುಂಬಿದ ಕೂಡಲೇ ನನ್ನನ್ನು ದೂರದ ಊರಿನ ಕಿವುಡ ಮಕ್ಕಳ ಶಾಲೆಗೆ, ಅಲ್ಲಿನ ಹಾಸ್ಟೆಲಿಗೆ ಸೇರಿಸುವುದೆಂದು ಮನಸ್ಸು ಮಾಡಿದ್ದ. ಅವನದು ತಪ್ಪೇನಿಲ್ಲ. ಊರಿನ ಶಾಲೆಯಲ್ಲಿ ಇವಳಿಗೆ ಕಲಿಸುವವರು ಯಾರು ಎನ್ನುವುದು ಅವನ ಚಿಂತೆ. ಅತ್ತೆ ಮೇಡಂ ಹತ್ತಿರ ಕೇಳಿದಳು. ಅವರು, "ಬಾಯಿ ನೋಡದೆ ಬರೀ ಕೇಳಿ ಅರ್ಥ ಮಾಡಿಕೊಳ್ತಾಳೆ ಅಂತ ನನಗೆ ಖಾತ್ರಿ ಆದರೆ ನಿಮ್ಮ ಊರಿನ ಶಾಲೆಗೆ ನಾನೇ ಬರೆದು ಕೊಡ್ತೀನಿ. ಆದರೆ ತಿಂಗಳಿಗೊಂದು ಸಲ ನೋಡಿ ಹೇಳೋಕಾಗಲ್ಲ. ಮನೇಲಿ ಅಭ್ಯಾಸ ಮಾಡಿಸೋದನ್ನ ವಿಡಿಯೋ ಮಾಡಿ ತನ್ನಿ" ಎಂದರು.

ಆಗ ಇನ್ನೂ ಮೊಬೈಲಿನಲ್ಲಿ ವಿಡಿಯೋ ಮಾಡುವ ಕಾಲವಾಗಿರಲಿಲ್ಲ. ಚನ್ನರಾಯಪಟ್ಟಣದಲ್ಲಿ ಅತ್ತೆಯ ಮೈದುನನ ಮನೆಯಲ್ಲಿ ಮದುವೆಗೆಂದು ಕೊಂಡ ಒಂದು ಪುಟ್ಟ ಕ್ಯಾಮರಾ ಬೀರುವಿನಲ್ಲಿ ಮಲಗಿತ್ತು. ಗಂಡ ಸತ್ತ ಮೇಲೆ ಅತ್ತೆ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಅವತ್ತು ಹೋಗಿ ಜಗಲಿಯ ಮೇಲೆ ಕೂತಳು. ಒಳಗೆ ಬಾ ಎಂದರೆ ಹೋಗಲಿಲ್ಲ, ಕಾಫಿ ಕೊಟ್ಟರೆ ಕುಡಿಯಲಿಲ್ಲ. "ಕ್ಯಾಮ್ರಾ ಕೊಡೋಗಂಟ ನಾನು ಏಳಾಕಿಲ್ಲ" ಎಂದಳು. ಬೀದಿಯವರು ಇಣುಕಿ ನೋಡಲು ಶುರುಮಾಡಿದಾಗ ಕ್ಯಾಮರಾ ಹೊರಗೆ ಬಂತು. ಆಮೇಲೆ ಕಾಫಿಯನ್ನೂ ಕುಡಿದು ಬಂದಳಂತೆ.

ದಿನಾ ಬೆಳಿಗ್ಗೆ ಗಿರಣಿ ತೆರೆಯುವ ಮೊದಲು ಒಂದು ಸಲ, ಸಂಜೆ ಗಿರಣಿ ನಿಂತ ಮೇಲೆ ಒಂದು ಸಲ ಅಭ್ಯಾಸ. ನನ್ನ ಮುಂದೆ ಅವರೆಕಾಳಿನ ರಾಶಿ, ಪಕ್ಕದಲ್ಲಿ ಒಂದು ಬಟ್ಟಲು. ಅತ್ತೆ ಜರಡಿಯ ಹಿಂದಿನಿಂದ ಸದ್ದು ಮಾಡಬೇಕು, ಕೇಳಿಸಿದರೆ ನಾನು ಒಂದು ಕಾಳು ಬಟ್ಟಲಿಗೆ ಹಾಕಬೇಕು. ಕ್ಯಾಮರಾ ಹಿಡಿಯುವುದು ಅಮ್ಮನ ಕೆಲಸ. ಹೊಲದಲ್ಲಿ ಹೊಗೆಸೊಪ್ಪಿನ ಹೊರೆ ಹೊರುವ ಗಟ್ಟಿ ಕೈ ಆ ಅಂಗೈಯಗಲದ ಯಂತ್ರ ಹಿಡಿದರೆ ಗಡಗಡ ನಡುಗುತ್ತಿತ್ತು. ಮೊದಮೊದಲ ತುಣುಕುಗಳಲ್ಲಿ ಇರುವುದು ಬರೀ ನನ್ನ ಕಾಲು ಮತ್ತು ಅತ್ತೆಯ ಬೈಗುಳ.

ಕ್ಯಾಮರಾದ ಕ್ಯಾಸೆಟ್ಟಿನಿಂದ ಸೀಡಿ ಮಾಡಿಸಿಕೊಂಡು ಮೈಸೂರಿಗೆ ಹೋದೆವು. ಮೇಡಂ ನೋಡುತ್ತಾ ನೋಡುತ್ತಾ ಹುಬ್ಬು ಗಂಟು ಹಾಕಿದರು. ಒಂದರಲ್ಲಿ ನಾನು ಪ್ರತಿ ಸದ್ದಿಗೂ ಕಾಳು ಹಾಕುತ್ತಿದ್ದೇನೆ, ಇನ್ನೊಂದರಲ್ಲಿ ಕಲ್ಲಿನ ಹಾಗೆ ಕೂತಿದ್ದೇನೆ. ಸೀಡಿ ಮಾಡಿದವನು ತುಣುಕುಗಳನ್ನು ಕೈಗೆ ಸಿಕ್ಕ ಹಾಗೆ ಜೋಡಿಸಿದ್ದ.

"ಇದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ?" ಎಂದು ಕೇಳಿದರು.

ಅತ್ತೆಗೂ ನೆನಪಿರಲಿಲ್ಲ. ಎಲ್ಲ ದಿನವೂ ಅದೇ ಚಾಪೆ, ಅದೇ ಜರಡಿ, ಅದೇ ಕಾಳು.

"ಕೇಳದೆ ಇದ್ದವಳು ಕೇಳೋಕೆ ಶುರು ಮಾಡಿದ್ದರೆ ಕಲೀತಿದ್ದಾಳೆ ಅಂತ ಅರ್ಥ. ಕೇಳ್ತಾ ಇದ್ದವಳು ನಿಲ್ಲಿಸಿದ್ದರೆ ಇರೋ ಕಿವೀನೂ ಹೋಗ್ತಿದೆ ಅಂತ ಅರ್ಥ. ನಾನು ಏನಂತ ತಿಳ್ಕೊಳ್ಳಲಿ? ಪ್ರತಿಯೊಂದರ ಮೇಲೂ ತಾರೀಕು, ಟೈಮು ಕಾಣಬೇಕಮ್ಮ."

ಇರುವ ಕಿವಿಯೂ ಹೋಗುತ್ತಿದೆ ಎಂಬ ಮಾತು ಅತ್ತೆಯ ಎದೆಗೆ ನಾಟಿತು. ವಾಪಸು ಬರುವ ಬಸ್ಸು ಹೊಳೆನರಸೀಪುರದಲ್ಲಿ ನಿಂತಾಗ, ಸೀಡಿ ಮಾಡಿಕೊಟ್ಟಿದ್ದ ಮದುವೆ ವಿಡಿಯೋದ ಅಂಗಡಿಗೆ ನೇರವಾಗಿ ನಡೆದಳು. ನಾನು ಅವಳ ಹೆಗಲ ಮೇಲೆ ನಿದ್ದೆ ಹೋಗಿದ್ದೆ. ಕ್ಯಾಸೆಟ್ಟುಗಳನ್ನು ಅವನ ಕೈಗಿಟ್ಟು, ತಾರೀಕು ಹಾಕದೆ ಬಿಡುವುದಿಲ್ಲ ಎಂದು ಹೇಳಿ ಬಂದಳು.

ಅವನು ತನಗೆ ತಿಳಿದಂತೆ ಚೆನ್ನಾಗಿಯೇ ಮಾಡಿಟ್ಟಿದ್ದ. ಮುಂದಿನ ವಾರ ಹೋದಾಗ ಕಂಪ್ಯೂಟರಿನಲ್ಲಿ ಹಾಕಿ ತೋರಿಸಿದ. ನಾನು ಚಾಪೆಯ ಮೇಲೆ ಕೂತಿದ್ದೇನೆ, ಎಡದಿಂದ ಎರಡು ಗುಲಾಬಿ ಹೂ ತಿರುಗುತ್ತಾ ಬಂದವು, ಬಲದಿಂದ ಒಂದು ಹೃದಯ ಬಂತು, ಅವುಗಳ ನಡುವೆ ಬಂಗಾರದ ಅಕ್ಷರದಲ್ಲಿ ಸೀಡಿ ಮಾಡಿದ ದಿನದ ತಾರೀಕು ಮೂಡಿ, ಸರಿಯಾಗಿ ನನ್ನ ಮುಖದ ಮೇಲೆ ಬಂದು ನಿಂತಿತು.

"ಮಗೀಗೆ ಮದ್ವೆ ಮಾಡ್ತಿದ್ದೀಯೇನ್ಲಾ?" ಎಂದಳು ಅತ್ತೆ.

"ಅಕ್ಕಾ, ನೋಡಕ್ಕೆ ಸಂದಾಗಿರ್ಲಿ ಅಂತ..."

"ಸಂದ ತಕ್ಕಂಡು ಏನ್ ಮಾಡನ? ಊವ ತಗಿ. ತಾರೀಕು ವಿಡಿಯೋ ತಗ್ದ ದಿನದ್ದಿರ್ಬೇಕು, ಮೂಲೆಗಾಕು. ಟೈಮು ಎಲ್ಲೈತೆ?"

"ಎರಡು ನಿಮಿಸದ್ ವಿಡಿಯೋಗೆ ಟೈಮ್ ಯಾಕಕ್ಕಾ? ತಾರೀಕಿದ್ರೆ ಸಾಲದಾ?"

"ಟೈಮೂ ಬೇಕು ಅಂದವ್ರೆ ಮೇಡಮ್ಮು. ಮೊದ್ಲಿಂದ ಕೊನೆಗಂಟ ಓಡ್ತಾ ಇರ್ಬೇಕು. ಗಡಿಯಾರ ಮದ್ಯದಲ್ಲಿ ನಿಂತೋಯ್ತದಾ?"

ಅವನು ತಲೆ ಕೆರೆದುಕೊಂಡ. ಕ್ಯಾಮರಾ ತರಿಸಿಕೊಂಡು ಗುಂಡಿಗಳನ್ನೆಲ್ಲ ಒತ್ತಿ ನೋಡಿದ. ಕೊನೆಗೆ ತಿಳಿದದ್ದು ಇಷ್ಟು. ಯಾವ ದಿನ, ಎಷ್ಟು ಹೊತ್ತಿನಲ್ಲಿ ತೆಗೆದದ್ದು ಎನ್ನುವುದನ್ನು ಕ್ಯಾಮರಾ ಕ್ಯಾಸೆಟ್ಟಿನೊಳಗೇ ಬರೆದಿಟ್ಟುಕೊಂಡಿರುತ್ತದೆ, ಆದರೆ ಕೇಳದೆ ತೋರಿಸುವುದಿಲ್ಲ. ಅದನ್ನು ತೆರೆಯ ಮೇಲೆ ಬರುವಂತೆ ಮಾಡಿ, ವಯರು ಸಿಕ್ಕಿಸಿ ಓಡಿಸುತ್ತಾ ಇನ್ನೊಂದು ಕಡೆ ರೆಕಾರ್ಡು ಮಾಡಿಕೊಂಡರೆ ಅಂಕಿಗಳೂ ಚಿತ್ರದ ಜೊತೆಗೇ ಬರುತ್ತವೆ. ಕ್ಯಾಮರಾ ತಂದ ದಿನವೇ ಅತ್ತೆ ಅದರ ಗಡಿಯಾರವನ್ನು ರೇಡಿಯೋ ವಾರ್ತೆಗೆ ಸರಿಯಾಗಿ ಇಡಿಸಿದ್ದಳು. ಅವಳಿಗೆ ತಪ್ಪು ತೋರಿಸುವ ಗಡಿಯಾರ ಕಂಡರೆ ಆಗುತ್ತಿರಲಿಲ್ಲ. ಹೀಗೆ ಹೂವಿಲ್ಲದ, ಹೃದಯವಿಲ್ಲದ, ಕೆಳಗಿನ ಮೂಲೆಯಲ್ಲಿ ತಾರೀಕು ಕೂತು ಟೈಮು ಓಡುವ ಸೀಡಿ ಸಿದ್ಧವಾಯಿತು. ಅಂಗಡಿಯವನಿಗೆ ಅತ್ತೆ ಒಂದು ಚೀಲ ಹುರಿಹಿಟ್ಟು ಕೊಟ್ಟು ಬಂದಳು.

ಮೇಡಂ ಮತ್ತೆ ನೋಡಿದರು. ಈಗ ಸಾಲಾಗಿ ಬಂದವು, ಆದರೆ ಗೊಂದಲ ಹೆಚ್ಚಾಯಿತು. ನಾನು ಮುಂದಕ್ಕೂ ಹೋಗುತ್ತಿರಲಿಲ್ಲ, ಹಿಂದಕ್ಕೂ ಹೋಗುತ್ತಿರಲಿಲ್ಲ. ಒಂದೇ ತಾರೀಕಿನಲ್ಲಿ ಒಂದು ಚೆನ್ನಾಗಿದೆ, ಇನ್ನೊಂದು ಕೆಟ್ಟಿದೆ. ಮರುದಿನವೂ ಹಾಗೇ. ಅವರು ತಾರೀಕು ಬಿಟ್ಟು ಪಕ್ಕದ ಟೈಮನ್ನು ನೋಡತೊಡಗಿದರು. ಚೆನ್ನಾಗಿರುವವೆಲ್ಲ ಬೆಳಗಿನವು. ಕಲ್ಲಿನಂತೆ ಕೂತವೆಲ್ಲ ಸಂಜೆಯವು. ಸಂಜೆಯವುಗಳಲ್ಲಿ ಒಂದೆರಡು ಮಾತ್ರ ಚೆನ್ನಾಗಿದ್ದವು. ಆ ತಾರೀಕುಗಳನ್ನು ಓದಿ ಹೇಳಿ, ಅವತ್ತು ಏನು ವಿಶೇಷ ಎಂದು ಕೇಳಿದರು.

"ಅವತ್ತಾ? ಲೈನ್ ರಿಪೇರಿ ಅಂತ ದಿನಪೂರ್ತಿ ಕರೆಂಟ್ ತಗ್ದಿದ್ರು ಕಣ್ ಮೇಡಂ..."

ಬೆಳಿಗ್ಗೆಗೂ ಸಂಜೆಗೂ ನಡುವೆ ಮನೆಯಲ್ಲಿ ಏನು ನಡೆಯುತ್ತದೆ ಎಂದು ಮೇಡಂ ಕೇಳಿದಾಗ ಅತ್ತೆ, "ಗಿರಣಿ ಓಡ್ತದೆ" ಎಂದಳು. ಅವಳ ದನಿ ಅಷ್ಟು ಸಣ್ಣದಾದದ್ದು ಅದೇ ಮೊದಲಿರಬೇಕು.

ಯಂತ್ರಕ್ಕೆ ಮಾತು ಯಾವುದು, ಗದ್ದಲ ಯಾವುದು ತಿಳಿಯುವುದಿಲ್ಲ, ಎಲ್ಲವನ್ನೂ ದೊಡ್ಡದು ಮಾಡಿ ಕಿವಿಗೆ ಸುರಿಯುತ್ತದೆ. ದಿನವಿಡೀ ಗಿರಣಿಯ ಸದ್ದನ್ನು ಕಿವಿಗೆ ತುಂಬಿಕೊಂಡ ಮಗು ಸಂಜೆಗೆ ದಣಿದು, ಯಾವ ಸದ್ದೂ ಬೇಡ ಎಂದು ಒಳಗೇ ಬಾಗಿಲು ಹಾಕಿಕೊಳ್ಳುತ್ತದೆ. ಮೇಡಂ ಇದನ್ನು ಸಮಾಧಾನವಾಗಿಯೇ ವಿವರಿಸಿದರು. ಅತ್ತೆ ಸಂಜೆಯ ಒಂದು ತುಣುಕನ್ನು ಮತ್ತೊಮ್ಮೆ ಹಾಕಿಸಿ ನೋಡಿದಳು. ಅದು ನನ್ನ ಹತ್ತಿರ ಈಗಲೂ ಇದೆ. ನಾನು ಕಾಳಿನ ರಾಶಿಯನ್ನು ಸುಮ್ಮನೆ ನೋಡುತ್ತಾ ಕೂತಿದ್ದೇನೆ. ಜರಡಿಯ ಹಿಂದೆ ಅತ್ತೆ ಕೂಗುತ್ತಲೇ ಇದ್ದಾಳೆ.

ಮಾರನೆಯ ದಿನ ಗಿರಣಿ ಶುರುವಾಗಲಿಲ್ಲ. ಚೀಲ ಹೊತ್ತು ಬಂದವರು ಬಾಗಿಲು ತಟ್ಟಿ ಹೋದರು. ಅಪ್ಪ ಗಾಬರಿಯಾದ.

"ಅಗಲೊತ್ತು ಕಿವಿ ಮಿಸೀನು ಬಿಚ್ಚಿಡಾನ ಬುಡಕ್ಕ" ಎಂದ.

"ಬಿಚ್ಚಿಡಾಕೆ ಕಿವಿ ಯಾಕ್ಲಾ ಕೊಡ್ಸಿದ್ದು?"

"ಅಂಗಾದ್ರೆ ಆಸ್ಟಲ್ಲೇ ವಾಸಿ. ಗಿರಣಿ ನಿಲ್ಸಿ ಏನ್ ಮಾಡ್ತೀಯಾ ನೀನು?"

"ಕಲ್ಲು ಎಲ್ಲಿ ಕೂರ್ಸಿದ್ರೂ ತಿರುಗ್ತದೆ ಕಣ್ಲಾ. ಮಗ ಈಗ್ ಕಲೀದಿದ್ರೆ ಆಮೇಲ್ ಕಲಿಯಾಕಿಲ್ಲ."

ಗಿರಣಿಯನ್ನು ಬಿಚ್ಚಿ, ಊರಾಚೆ ಹೊಳೆನರಸೀಪುರದ ರಸ್ತೆಯಲ್ಲಿ ಒಂದು ಶೆಡ್ಡಿಗೆ ಸಾಗಿಸಿದರು. ಬೀಸುವ ಕಲ್ಲುಗಳನ್ನು ಎತ್ತಿನ ಗಾಡಿಗೆ ಹಾಕುವಾಗ ಅವಳು ಪಕ್ಕದಲ್ಲೇ ನಡೆದಳಂತೆ, ಹೆತ್ತವಳು ಮಗಳ ಗಂಡನ ಮನೆಯವರೆಗೂ ಹೋಗುವ ಹಾಗೆ. ಅಷ್ಟು ದೂರ ಚೀಲ ಹೊತ್ತು ಬರುವವರು ಕಡಿಮೆಯಾದರು. ಪೇಟೆಯೊಳಗೆ ಇನ್ನೊಬ್ಬರು ಗಿರಣಿ ಇಟ್ಟರು. ಅತ್ತೆ ಮಧ್ಯಾಹ್ನ ಊಟ ಮಾಡಿ ಹೋಗಿ ಸಂಜೆಗೆ ಬರುತ್ತಿದ್ದಳು, ಬೆಳಗಿನ ಹೊತ್ತೆಲ್ಲ ನನಗೆ. ಮಧ್ಯಾಹ್ನದ ಹೊಲದ ಕೆಲಸವನ್ನು ಅಮ್ಮ ಬಿಟ್ಟಳು. ಹಬ್ಬದ ಹಿಂದಿನ ದಿನ ಜನ ಬೆಳಿಗ್ಗೆಯೇ ಬಂದು ಗೋಗರೆದರೂ ಅತ್ತೆ ಏಳುತ್ತಿರಲಿಲ್ಲ. "ಒಬ್ಬಟ್ಟು ನಾಳಿದ್ದು ತಿಂದ್ರೆ ಅಬ್ಬ ಓಡೋಗ್ತದಾ?" ಎಂದು ಬಾಗಿಲು ಹಾಕುತ್ತಿದ್ದಳು. ಈ ಮಾತಿಗೆ ಸಿಟ್ಟಾಗಿ ಬೇರೆ ಗಿರಣಿಗೆ ಹೋದವರ ಮನೆಯವರು ಇವತ್ತಿಗೂ ನನಗೆ ಅದನ್ನು ಹೇಳಿ ನಗುತ್ತಾರೆ.

ಆಮೇಲಿನ ಸೀಡಿಗಳನ್ನು ಯಾರು ನೋಡಿದರೂ ತಿಳಿಯುತ್ತದೆ. ಮೂಲೆಯಲ್ಲಿ ತಿಂಗಳು ಬದಲಾಗುತ್ತಾ ಹೋಗುತ್ತದೆ, ಸಂಜೆಯ ಹೊತ್ತಿನಲ್ಲೂ ಬಟ್ಟಲು ತುಂಬುತ್ತಾ ಹೋಗುತ್ತದೆ. ಒಂದು ಸಂಜೆ ಅತ್ತೆ ಸದ್ದು ಬಿಟ್ಟು ಪದಕ್ಕೆ ಕೈ ಹಾಕಿದ್ದಾಳೆ. ಅಮ್ಮ, ಅಪ್ಪ, ಹಾಲು ಎಲ್ಲ ಹೇಳಿ ಸೋತು, ಜರಡಿಯ ಹಿಂದಿನಿಂದ ಬೇಸರದಲ್ಲಿ "ಕರೆಂಟು" ಎನ್ನುತ್ತಾಳೆ. ನಾನು ತಲೆಯೆತ್ತಿ, "ಕಯೆಂಟು" ಎನ್ನುತ್ತೇನೆ. ಅಲ್ಲಿಂದ ಮುಂದೆ ಚಿತ್ರ ಬರೀ ನೆಲ ಮತ್ತು ಚಾಪೆಯ ಅಂಚು, ಅಮ್ಮ ಕ್ಯಾಮರಾ ಮರೆತು ಓಡಿ ಬಂದಿದ್ದಾಳೆ. ಅಳುವುದೋ ನಗುವುದೋ ತಿಳಿಯದ ಇಬ್ಬರು ಹೆಂಗಸರ ದನಿ. ಕೆಳಗೆ ಟೈಮು ಮಾತ್ರ ಓಡುತ್ತಲೇ ಇದೆ. ಮಕ್ಕಳ ಬಾಯಲ್ಲಿ ಮೊದಲು ಅಮ್ಮ ಎಂದು ಬರುತ್ತದೆ, ನನ್ನ ಬಾಯಲ್ಲಿ ಕರೆಂಟು ಬಂತು. ಗಿರಣಿ ಮನೆಯ ಮಗು, ಮತ್ತೇನು ತಾನೇ ಬರಬೇಕು?

ಮೇಡಂ ಬರೆದುಕೊಟ್ಟರು. ಊರಿನ ಶಾಲೆಯ ದೊಡ್ಡ ಟೀಚರಿಗೆ ಇನ್ನೂ ಅನುಮಾನವಿತ್ತು. ಅವರು ಕಪ್ಪುಹಲಗೆಯ ಕಡೆ ತಿರುಗಿ, ನನಗೆ ಬೆನ್ನು ಹಾಕಿ ನಿಂತು, ಹೆಸರು ಕೇಳಿದರು. ಹೇಳಿದೆ. ಅಪ್ಪನ ಹೆಸರು ಕೇಳಿದರು. ಹೇಳಿದೆ. ಅಷ್ಟರಲ್ಲಿ ತಲೆಯ ಮೇಲಿನ ಫ್ಯಾನು ಗರಗರ ಎನ್ನುವುದನ್ನು ನಿಲ್ಲಿಸಿತು. ನಾನು ಯಾರೂ ಕೇಳದೆಯೇ, "ಕರೆಂಟು ಓಯ್ತು" ಎಂದೆ. ಟೀಚರು ತಿರುಗಿ ಮೇಲೆ ನೋಡಿದರು, ನನ್ನನ್ನು ನೋಡಿದರು, ಆಮೇಲೆ ನನ್ನ ಹೆಸರು ಬರೆದುಕೊಂಡರು. ಬಾಗಿಲಲ್ಲಿ ನಿಂತಿದ್ದ ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಅತ್ತೆ ಅವನಿಗೆ, "ಆಸ್ಟಲ್ಗೆ ನೀನ್ ಓಗು" ಎಂದಳು.

ನಾನು ಆ ಶಾಲೆಯಲ್ಲೇ ಓದಿದೆ, ಹಾಸನದಲ್ಲಿ ಔಷಧಿಯ ಕೋರ್ಸು ಮಾಡಿದೆ, ಈಗ ಅಲ್ಲೇ ಒಂದು ಮೆಡಿಕಲ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಊರೆಲ್ಲ ಮಾಸ್ಕು ಹಾಕಿಕೊಂಡ ಕಾಲದಲ್ಲಿ ನಾನು ಅಲ್ಲಿ ಕೆಲಸ ಕಲಿಯುತ್ತಿದ್ದೆ. ಬಾಯಿ ನೋಡಿಯೇ ಬದುಕುವ ನಮ್ಮಂಥ ಎಷ್ಟೋ ಜನ ಆಗ ಮನೆ ಹಿಡಿದು ಕೂತರು. ನನಗೂ ಕಷ್ಟವಾಗುತ್ತಿತ್ತು, ಆದರೆ ಬಟ್ಟೆಯ ಹಿಂದಿನ ಮಾತು ನನಗೆ ಹೊಸದೇನಲ್ಲವಲ್ಲ. ಫೋನಿನಲ್ಲಿ ಇದನ್ನು ಹೇಳಿದಾಗ ಅತ್ತೆ, "ಅಂಗಾರೆ ಸರಿ. ಮಾತ್ರೆ ನೋಡ್ ಕೊಡು, ಯಾರ್ನಾದ್ರೂ ಸಾಯ್ಸೀಯಾ" ಎಂದಳು. ಹೊಗಳುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

ಹಿಟ್ಟಿನ ಧೂಳು ಅಷ್ಟು ವರ್ಷ ಕುಡಿದ ಎದೆ ಕೊನೆಗೆ ಕೈಕೊಟ್ಟಿತು. ಹಾಸನದ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದಳು. ಉಬ್ಬಸದ ನಡುವೆಯೂ ಪಕ್ಕದ ಹಾಸಿಗೆಯ ಮೇಲಿನ ಗೋಡೆ ಗಡಿಯಾರ ತಡ ತೋರಿಸುತ್ತಿದೆ ಎಂದು ನರ್ಸಿನ ಜೊತೆ ಜಗಳವಾಡಿದಳು. ನನಗೆ ಅವಳನ್ನು ನೋಡಿ ಅಳು ಬಂದರೆ, "ಅಳ್ಬ್ಯಾಡ ಕಣವ್ವ, ಮಿಸೀನು ನೆಂದೋದಾತು" ಎಂದಳು. ಮೂರನೆಯ ದಿನವೋ ನಾಲ್ಕನೆಯ ದಿನವೋ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಮನೆಗೆ ಬಂದ ಮೇಲೆ ಹೆಚ್ಚು ಹೊತ್ತು ಇರಲಿಲ್ಲ.

ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ತಮಟೆ, ಊರಿನ ಹೆಂಗಸರ ಗೋಳು, ಗುದ್ದಲಿಯವರ ಕೂಗಾಟ ಎಲ್ಲ ಒಟ್ಟಿಗೆ. ಅಂಥ ಗದ್ದಲ ನನ್ನ ಯಂತ್ರದೊಳಗೆ ಬಂದರೆ ತಲೆ ಸಿಡಿಯುತ್ತದೆ. ಮದುವೆ ಮನೆಗಳಲ್ಲಿ ವಾಲಗ ಶುರುವಾದರೆ ಯಂತ್ರ ಕಳಚಿ ಪರ್ಸಿಗೆ ಹಾಕಿಕೊಂಡು ನೆಮ್ಮದಿಯಾಗಿ ಊಟ ಮಾಡುವವಳು ನಾನು. ನನ್ನ ಮುಖ ನೋಡಿದ ಅಮ್ಮ ಆ ಕಡೆಯಿಂದ, ತೆಗೆದುಬಿಡು ಎಂದು ಕಿವಿಯ ಹತ್ತಿರ ಕೈ ಮಾಡಿದಳು. ನಾನು ಬೇಡವೆಂದು ತಲೆಯಾಡಿಸಿದೆ. ಇವು ನನಗೆ ಸುಮ್ಮನೆ ಬಂದ ಕಿವಿಗಳಲ್ಲ. ಅವಳ ಮೇಲೆ ಕೊನೆಯ ಹಿಡಿ ಮಣ್ಣು ಬೀಳುವವರೆಗೂ ಎಲ್ಲವನ್ನೂ ಕೇಳಿಸಿಕೊಂಡೇ ನಿಂತಿದ್ದೆ.